ಕಾಡುದಾರಿಗೆ ಬೋರ್ಡು, ನಕ್ಷೆ, ಲೋಗೋ: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಾನು ಶಿರಸಿಯಲ್ಲಿ ಗ್ರಾಫಿಕ್ ಡಿಸೈನರ್. ಇಷ್ಟು ದಿನ ಮದುವೆ ಕಾರ್ಡು, ಅಂಗಡಿ ಬೋರ್ಡು, ಉಪ್ಪಿನಕಾಯಿ ಲೇಬಲ್ ಮಾಡಿಕೊಂಡಿದ್ದೆ. ಈಗ ಹತ್ತಿರದ ಒಂದು ಗ್ರಾಮ ಅರಣ್ಯ ಸಮಿತಿಯವರು ತಮ್ಮ ನಾಲ್ಕು ಕಿಲೋಮೀಟರಿನ ಕಾಡುದಾರಿಗೆ ಲೋಗೋ, ಬೋರ್ಡು, ನಕ್ಷೆ ಎಲ್ಲ ಮಾಡಿಕೊಡಿ ಎಂದಿದ್ದಾರೆ. ದಾರಿ ಮಧ್ಯೆ ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಮರಗಳ ಕೆಸರುಕಾಡು ಇದೆ, ಕೊನೆಯಲ್ಲಿ ಜಲಪಾತ. ಲೋಗೋದಲ್ಲಿ ಹುಲಿ ಬೇಕಂತೆ. ಪ್ರತಿ ಬೋರ್ಡಿನಲ್ಲೂ ಗಣ್ಯರ ಫೋಟೋ ಇರಬೇಕಂತೆ. ಎಚ್ಚರಿಕೆ ಮಾತು ಜಾಸ್ತಿ ಇರಲಿ ಅಂತಾರೆ. ಹಿಂದೆ ಹಾಕಿದ್ದ ಫ್ಲೆಕ್ಸ್ ಒಂದೇ ಮಳೆಗಾಲಕ್ಕೆ ಹೋಯಿತಂತೆ. ಎಲ್ಲಿಂದ ಶುರು ಮಾಡಲಿ? ಅಕ್ಷರ, ಬಣ್ಣ, ಸಾಮಾನು, ದರ ಎಲ್ಲದರ ಬಗ್ಗೆ ಹೇಳಿ.

ಉತ್ತರ: ಲೋಗೋ ಸದ್ಯಕ್ಕೆ ಪಕ್ಕಕ್ಕಿಡಿ. ಕಂಪ್ಯೂಟರ್ ತೆರೆಯುವುದಕ್ಕೆ ಮುಂಚೆ ಆ ನಾಲ್ಕು ಕಿಲೋಮೀಟರ್ ನಡೆಯಿರಿ. ಹೋಗುತ್ತಾ, ಬರುತ್ತಾ ಎರಡೂ ಕಡೆಯಿಂದ ದಾರಿ ನೋಡಿ. ಹೋಗುವಾಗ ಕಣ್ಣಿಗೇ ಬೀಳದ ಕವಲು ಬರುವಾಗ ದಾರಿ ತಪ್ಪಿಸುತ್ತದೆ. ಜೊತೆಗೆ ಆ ಜಾಗ ಗೊತ್ತಿಲ್ಲದ ಒಬ್ಬರನ್ನು ಕರೆದುಕೊಂಡು ಹೋಗಿ, ಅವರನ್ನೇ ಮುಂದೆ ಬಿಡಿ. ಎಲ್ಲಿ ನಿಲ್ಲುತ್ತಾರೆ, ಎಲ್ಲಿ ತಿರುಗಿ ನಿಮ್ಮ ಮುಖ ನೋಡುತ್ತಾರೆ, ಎಲ್ಲಿ ಫೋನ್ ತೆಗೆಯುತ್ತಾರೆ, ಎಲ್ಲಿ ಕೂತು ಚಿಪ್ಸ್ ಬಿಚ್ಚುತ್ತಾರೆ ಎಂದು ಬರೆದುಕೊಳ್ಳಿ. ನಿಮಗೆ ಬೇಕಾದ ಬೋರ್ಡುಗಳ ಪಟ್ಟಿ ಅಲ್ಲೇ ಸಿಗುತ್ತದೆ.

ಅಂಗಡಿ ಬೋರ್ಡು ಜನರನ್ನು ಕರೆದರೆ ಸಾಕು. ಕಾಡಿನ ಬೋರ್ಡಿನ ಮುಂದೆ ನಿಂತವರಿಗೆ ಆ ಕ್ಷಣದಲ್ಲಿ ಏನೋ ಒಂದು ತೀರ್ಮಾನ ಮಾಡಬೇಕಿರುತ್ತದೆ. ಎಡಕ್ಕೋ ಬಲಕ್ಕೋ, ನೀರಿಗೆ ಇಳಿಯುವುದೋ ಬೇಡವೋ, ಕೈಯಲ್ಲಿರುವ ಖಾಲಿ ಬಾಟಲಿ ಏನು ಮಾಡುವುದು. ಅದಕ್ಕೆ ನೆರವಾಗದ ಬೋರ್ಡು ಅಲ್ಲಿ ಬೇಡ. ಸಮಿತಿಯ ಸಭೆಯಲ್ಲಿ ಪ್ರತಿ ಬೋರ್ಡಿನ ಬಗ್ಗೆಯೂ ಒಂದೇ ಪ್ರಶ್ನೆ ಕೇಳಿ: ಇದನ್ನು ಓದಿದವರು ಏನು ಮಾಡಬೇಕು? ಉತ್ತರ ಬರದಿದ್ದರೆ ಪಟ್ಟಿಯಿಂದ ತೆಗೆಯಿರಿ. ಮೂವತ್ತು ಬೋರ್ಡಿನಿಂದ ಶುರುವಾದ ಪಟ್ಟಿ ಹತ್ತು ಹನ್ನೆರಡಕ್ಕೆ ಇಳಿದರೆ ಗಾಬರಿಯಾಗಬೇಡಿ. ಉಳಿದ ದುಡ್ಡಿನಲ್ಲಿ ಒಳ್ಳೆಯ ಸಾಮಾನು ಹಾಕಬಹುದು.

ಎಚ್ಚರಿಕೆ ಜಾಸ್ತಿ ಬೇಕು ಅನ್ನುವವರಿಗೆ ಒಂದು ಪ್ರಯೋಗದ ಕಥೆ ಹೇಳಿ. ಅಮೆರಿಕದ ಅರಿಜೋನಾದಲ್ಲಿ ಪೆಟ್ರಿಫೈಡ್ ಫಾರೆಸ್ಟ್ ಎಂಬ ರಾಷ್ಟ್ರೀಯ ಉದ್ಯಾನವಿದೆ. ಇಪ್ಪತ್ತು ಕೋಟಿ ವರ್ಷಕ್ಕೂ ಹಿಂದಿನ ಮರಗಳು ಅಲ್ಲಿ ಕಲ್ಲಾಗಿ ಬಿದ್ದಿವೆ. ನೋಡಲು ಬಂದವರು ಒಂದೊಂದು ಚೂರು ಜೇಬಿಗಿಳಿಸುತ್ತಾರೆ. ವರ್ಷಕ್ಕೆ 14 ಟನ್ ಹೀಗೆ ಚೂರುಚೂರಾಗಿ ಕಳವಾಗುತ್ತಿದೆ ಎಂದು ಅಲ್ಲಿನ ಬೋರ್ಡು ಗೋಳು ಹೇಳಿಕೊಳ್ಳುತ್ತಿತ್ತು. ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ಗುರುತು ಹಾಕಿದ ಚೂರುಗಳನ್ನು ದಾರಿಯಲ್ಲಿಟ್ಟು, ಬೇರೆ ಬೇರೆ ಬೋರ್ಡು ಹಾಕಿ ನೋಡಿದರು. ಒಂದರಲ್ಲಿ ಹಿಂದೆ ಬಂದ ಎಷ್ಟೋ ಜನ ಕಲ್ಲು ಒಯ್ದಿದ್ದಾರೆ ಎಂಬ ಮಾತು, ಮೂವರು ಕಲ್ಲು ಎತ್ತುವ ಚಿತ್ರ. ಇನ್ನೊಂದರಲ್ಲಿ ದಯವಿಟ್ಟು ಒಯ್ಯಬೇಡಿ ಎಂಬ ಮಾತು, ಒಬ್ಬನೇ ವ್ಯಕ್ತಿ, ಅವನ ಕೈ ಮೇಲೆ ಕೆಂಪು ವೃತ್ತ ಮತ್ತು ಅಡ್ಡಗೆರೆ. ಮೊದಲ ಬೋರ್ಡು ಇದ್ದಾಗ ಗುರುತು ಹಾಕಿದ ಚೂರುಗಳಲ್ಲಿ ಶೇ. 7.92 ಮಾಯವಾದವು. ಎರಡನೆಯದು ಇದ್ದಾಗ ಶೇ. 1.67. ಎಲ್ಲರೂ ತೆಗೆಯುತ್ತಾರೆ ಎಂದು ಬೋರ್ಡೇ ಹೇಳಿದ ಮೇಲೆ, ನಾನೊಬ್ಬ ತೆಗೆದರೆ ಏನಂತೆ ಅನ್ನಿಸುತ್ತದೆ ಅಲ್ವಾ?

ನಮ್ಮ ಕಡೆ ಜಲಪಾತದ ಬಾಯಲ್ಲಿ ಪ್ಲಾಸ್ಟಿಕ್ ರಾಶಿಯ ಫೋಟೋ ಹಾಕಿ, ಕೆಳಗೆ ಪ್ರವಾಸಿಗರೇ ನಾಚಿಕೆಪಡಿ ಎಂದು ಬರೆಯುತ್ತಾರೆ. ಬೈದ ಸಮಾಧಾನ ಬರೆಸಿದವರಿಗೆ ಸಿಗುತ್ತದೆ. ಓದಿದವರಿಗೆ ತಲುಪುವ ಸುದ್ದಿ ಮಾತ್ರ, ಇಲ್ಲಿ ಎಲ್ಲರೂ ಎಸೆಯುತ್ತಾರೆ ಎಂಬುದು. ಅದರ ಬದಲು ಪ್ಲಾಸ್ಟಿಕ್ ಕೈಯಲ್ಲಿರುವ ಜಾಗದಲ್ಲೇ, ಅಂದರೆ ಗೇಟಿನಲ್ಲಿ, ತಂದ ಕಸ ಇಲ್ಲಿಗೇ ವಾಪಸ್ ತನ್ನಿ ಎಂದು ಒಂದೇ ಸಾಲು ಹಾಕಿ. ಪಕ್ಕದಲ್ಲಿ ತೊಟ್ಟಿ ಇರಲಿ. ತೊಟ್ಟಿ ಇಡಲು, ಅದನ್ನು ಖಾಲಿ ಮಾಡಲು ಸಮಿತಿ ತಯಾರಿಲ್ಲದಿದ್ದರೆ ಬೋರ್ಡೂ ಬೇಡ.

ಬೋರ್ಡಿನಿಂದ ಆಗದ ಕೆಲಸವೂ ಇದೆ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಂದೇ ವಾರಾಂತ್ಯದಲ್ಲಿ ಸಾವಿರಾರು ಜನ ನುಗ್ಗಿದ ವಿಡಿಯೋ ನೀವೂ ನೋಡಿರುತ್ತೀರಿ. ಆಮೇಲೆ ಅರಣ್ಯ ಇಲಾಖೆ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಆನ್‌ಲೈನ್ ಬುಕ್ಕಿಂಗ್ ಮತ್ತು ದಿನದ ಮಿತಿ ತಂದಿತು. ಅಂಥ ಗುಂಪಿನ ಮುಂದೆ ಎಷ್ಟು ಚಂದದ ಬೋರ್ಡು ನಿಲ್ಲಿಸಿದರೂ ಏನೂ ಆಗುವುದಿಲ್ಲ. ಸಮಿತಿಯವರು ಜನಸಂದಣಿಯ ಸಮಸ್ಯೆಯನ್ನು ನಿಮ್ಮ ಹೆಗಲಿಗೆ ಹಾಕಲು ಬಂದರೆ, ಅದು ಡಿಸೈನರ್ ಕೆಲಸವಲ್ಲ ಎಂದು ಮೆತ್ತಗೆ ಹೇಳಿ.

ಇನ್ನು ಜಲಪಾತ. ಅಲ್ಲಿ ಜೀವದ ಪ್ರಶ್ನೆ ಇದೆ, ಎಚ್ಚರಿಕೆ ಬೇಕೇ ಬೇಕು. ಆದರೆ ಒಂದೇ ಒಂದು, ಅದೂ ಜಾರುವ ಬಂಡೆ ಶುರುವಾಗುವ ಜಾಗಕ್ಕೆ ಹತ್ತು ಹೆಜ್ಜೆ ಮುಂಚೆ. ನೀರಿನ ಅಂಚಿನಲ್ಲಿ ಹಾಕಿದರೆ ಓದಲು ಬಂದವರೇ ಜಾರುತ್ತಾರೆ. ಸುರಕ್ಷಾ ಚಿಹ್ನೆಗಳಿಗೆ ಅಂತಾರಾಷ್ಟ್ರೀಯ ಬಣ್ಣದ ನಿಯಮ ಇದೆ: ಕೆಂಪು ವೃತ್ತ ಮತ್ತು ಅಡ್ಡಗೆರೆ ನಿಷೇಧಕ್ಕೆ, ಹಳದಿ ತ್ರಿಕೋನ ಅಪಾಯಕ್ಕೆ, ನೀಲಿ ವೃತ್ತ ಕಡ್ಡಾಯಕ್ಕೆ, ಹಸಿರು ಸುರಕ್ಷಿತ ದಾರಿಗೆ. ಅದನ್ನು ಬದಲಿಸಬೇಡಿ. ಇಡೀ ದಾರಿಯಲ್ಲಿ ಕೆಂಪು ಬಣ್ಣವನ್ನು ಬೇರೆ ಯಾವುದಕ್ಕೂ, ಲೋಗೋಗೂ ಸೇರಿ, ಬಳಸಬೇಡಿ. ಆಗ ಕೆಂಪು ಕಂಡ ಕೂಡಲೇ ಜನ ನಿಲ್ಲುತ್ತಾರೆ.

ಈಗ ವಿನ್ಯಾಸಕ್ಕೆ ಬರೋಣ. ಈ ಕ್ಷೇತ್ರದಲ್ಲಿ ಎಲ್ಲರೂ ಒಮ್ಮೆಯಾದರೂ ನೋಡಬೇಕಾದ ಕೆಲಸ ಅಮೆರಿಕದ ನ್ಯಾಷನಲ್ ಪಾರ್ಕ್ ಸರ್ವಿಸ್‌ನದು. ಒಂದು ಕಾಲದಲ್ಲಿ ಅಲ್ಲಿ ಒಂದೊಂದು ಪಾರ್ಕಿನ ಕೈಪಿಡಿ ಒಂದೊಂದು ಅಳತೆ, ಒಂದೊಂದು ರೂಪ. 1977ರಲ್ಲಿ ಮಾಸಿಮೊ ವಿನ್ಯೆಲ್ಲಿ ಎಂಬ ಡಿಸೈನರ್ ಅವರಿಗೆ ಯುನಿಗ್ರಿಡ್ ಎಂಬ ಪದ್ಧತಿ ಮಾಡಿಕೊಟ್ಟರು. ಒಂದೇ ದೊಡ್ಡ ಹಾಳೆ, ಅದನ್ನು ಚೌಕಗಳಾಗಿ ಭಾಗಿಸಿದ ಒಂದು ಗ್ರಿಡ್, ಅದರಿಂದ ಹುಟ್ಟುವ ಹತ್ತು ಅಳತೆಗಳು. ಮೇಲೆ ಕಪ್ಪು ಪಟ್ಟಿ, ಅದರಲ್ಲಿ ಬಿಳಿ ಅಕ್ಷರದಲ್ಲಿ ಪಾರ್ಕಿನ ಹೆಸರು. ಅಷ್ಟೇ. ಆ ಕಪ್ಪು ಪಟ್ಟಿ ಇವತ್ತಿಗೂ ನಡೆಯುತ್ತಿದೆ. ಅಕ್ಷರ ಶೈಲಿ ನಡುವೆ ಬದಲಾಯಿತು, ಚೌಕಟ್ಟು ಉಳಿಯಿತು. ಹೊಸ ಕೈಪಿಡಿ ಮಾಡುವವರು ಅಳತೆ, ಅಂಚು, ಶೀರ್ಷಿಕೆ ಎಲ್ಲಿಡಬೇಕು ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಆ ಸಮಯವೆಲ್ಲ ನಕ್ಷೆ, ಚಿತ್ರ, ಬರಹಕ್ಕೆ ಸಿಗುತ್ತದೆ.

ನಿಮ್ಮ ನಾಲ್ಕು ಕಿಲೋಮೀಟರಿಗೂ ಇಂಥದ್ದೇ ಪುಟ್ಟ ಪದ್ಧತಿ ಬೇಕು. ಮೂರೇ ಬಗೆ ಬೋರ್ಡು: ಗೇಟಿನಲ್ಲಿ ಒಂದು ದೊಡ್ಡದು, ದಾರಿ ತೋರಿಸುವ ಗಿಡ್ಡ ಕಂಬಗಳು, ನಿಂತು ಓದುವ ಒರಗು ಫಲಕಗಳು. ಒಂದೇ ಅಳತೆಯ ಪೈಪು, ಒಂದೇ ಬಗೆಯ ಬೋಲ್ಟು. ಊರಿನ ವೆಲ್ಡಿಂಗ್ ಅಂಗಡಿಯವರು ನಿಮ್ಮನ್ನು ಕೇಳದೆ ಇನ್ನೊಂದು ಮಾಡುವಂತಿರಬೇಕು. ಒಂದು ಬೋರ್ಡು ಮುರಿದರೆ ಸಮಿತಿ ನಿಮಗಾಗಿ ಕಾಯಬಾರದು. ಇದು ನಿಮ್ಮ ಧಂದೆಗೆ ನಷ್ಟ ಅನ್ನಿಸಬಹುದು. ಆದರೆ ಮುಂದಿನ ಊರಿನ ಸಮಿತಿ ನಿಮ್ಮನ್ನು ಹುಡುಕಿಕೊಂಡು ಬರುವುದು ಐದು ವರ್ಷ ಆದಮೇಲೂ ನಿಂತಿರುವ ಬೋರ್ಡು ನೋಡಿಯೇ.

ದಾರಿ ಕಂಬಗಳಿಗೆ ನಂಬರ್ ಹಾಕಿ. ಯಾರಾದರೂ ಕಾಲು ಉಳುಕಿಸಿಕೊಂಡರೆ ಏಳನೇ ಕಂಬದ ಹತ್ತಿರ ಇದ್ದೇವೆ ಎಂದು ಹೇಳಬಹುದು. ಗೇಟಿನ ಬೋರ್ಡಿನಲ್ಲಿ 112 ಮತ್ತು ಸ್ಥಳೀಯ ಕಾವಲುಗಾರರ ನಂಬರ್ ಇರಲಿ. ದಾರಿಯಲ್ಲಿ ಯಾವ್ಯಾವ ಕಂಬದ ಹತ್ತಿರ ನೆಟ್‌ವರ್ಕ್ ಸಿಗುತ್ತದೆ ಎಂಬುದನ್ನೂ ನಕ್ಷೆಯಲ್ಲಿ ಗುರುತಿಸಿ.

ಒರಗು ಫಲಕ ಅಂದರೆ ಮೇಜಿನಂತೆ ವಾಲಿರುವ ಬೋರ್ಡು. ಸುಮಾರು 30ರಿಂದ 45 ಡಿಗ್ರಿ ಓರೆ, ಕೆಳ ಅಂಚು ನೆಲದಿಂದ ಎರಡೂವರೆ ಅಡಿ ಮೇಲೆ. ಮಕ್ಕಳಿಗೂ ಗಾಲಿಕುರ್ಚಿಯವರಿಗೂ ಕಾಣುತ್ತದೆ, ಹಿಂದಿನ ಮರವನ್ನು ಮುಚ್ಚುವುದಿಲ್ಲ. ಬರಹಕ್ಕೆ ಈ ಕೆಲಸದವರು ಹೇಳುವ 3-30-3 ಲೆಕ್ಕ ನೆನಪಿಡಿ. ಮೂರು ಸೆಕೆಂಡಿನಲ್ಲಿ ಶೀರ್ಷಿಕೆ ವಿಷಯ ಹೇಳಿಬಿಡಬೇಕು. ಮೂವತ್ತು ಸೆಕೆಂಡು ನಿಂತವರಿಗೆ ಮುಖ್ಯ ಪ್ಯಾರಾ. ಮೂರು ನಿಮಿಷ ನಿಲ್ಲುವ ಅಪರೂಪದವರಿಗೆ ಸಣ್ಣ ಚಿತ್ರಗಳ ವಿವರ. ‘ಜೀವವೈವಿಧ್ಯದ ಮಹತ್ವ’ ಎಂಬ ಶೀರ್ಷಿಕೆ ಮೂರು ಸೆಕೆಂಡಿನಲ್ಲಿ ಏನೂ ಹೇಳುವುದಿಲ್ಲ. ‘ಈ ಬೇರುಗಳು ಉಸಿರಾಡುತ್ತವೆ, ತುಳಿಯಬೇಡಿ’ ಅಂದರೆ ಜನ ತಕ್ಷಣ ಕೆಳಗೆ ನೋಡುತ್ತಾರೆ. ರಾಮಪತ್ರೆ ಜಡ್ಡಿಯ ವಿಷಯ ಅದೇ ತಾನೆ? ಯಾವಾಗಲೂ ನೀರು ನಿಂತ ಕೆಸರು, ಅದರಲ್ಲಿ ಗಾಳಿ ಇಲ್ಲ. ಅದಕ್ಕೇ ಬೇರು ಮಂಡಿ ಮಡಚಿದಂತೆ ನೀರಿನಿಂದ ಮೇಲೆದ್ದು ಮತ್ತೆ ಇಳಿಯುತ್ತದೆ. ಗೊತ್ತಿಲ್ಲದವರು ಅದನ್ನೇ ಮೆಟ್ಟಿಲು ಮಾಡಿಕೊಳ್ಳುತ್ತಾರೆ. ಫಲಕವನ್ನು ಜಡ್ಡಿಯ ಒಳಗೆ ಹಾಕಬೇಡಿ. ಕಾಲಿಡುವುದಕ್ಕೆ ಮುಂಚೆ, ಬೇರು ಕಣ್ಣಿಗೆ ಕಾಣುವ ಅಂತರದಲ್ಲಿ ಹಾಕಿ.

ಕನ್ನಡ ಅಕ್ಷರದ ವಿಷಯದಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಎಲ್ಲರೂ ಎಡವುವುದು ಇಲ್ಲೇ. ಬೋರ್ಡಿನ ಬಗ್ಗೆ ಸಿಗುವ ಲೆಕ್ಕವೆಲ್ಲ ಇಂಗ್ಲಿಷ್ ಅಕ್ಷರಕ್ಕೆ ಮಾಡಿದ್ದು. ಒಂದು ಇಂಚು ಎತ್ತರದ ಅಕ್ಷರವನ್ನು ಸುಮಾರು 30 ಅಡಿಯಿಂದ ಓದಬಹುದು ಎಂಬುದು ಹಳೆಯ ನಿಯಮ. ಕನ್ನಡದಲ್ಲಿ ಅದು ನಡೆಯುವುದಿಲ್ಲ. ನಮ್ಮ ಅಕ್ಷರದ ಒಳಗೆ ಸುಳಿ ಜಾಸ್ತಿ, ಜೊತೆಗೆ ಒತ್ತಕ್ಷರ ಕೆಳಗೆ ಸಣ್ಣದಾಗಿ ಕೂರುತ್ತದೆ. ‘ರಾಷ್ಟ್ರೀಯ ಉದ್ಯಾನ’ ಎಂದು ಬರೆದು ನೋಡಿ. ‘ಷ್ಟ್ರೀ’ ಒಂದರಲ್ಲೇ ಎರಡು ಒತ್ತು, ಒಂದು ಗುಣಿತ, ಒಂದು ದೀರ್ಘ. ದೂರದಿಂದ ಅದು ಒಂದು ಮುದ್ದೆ. ಒತ್ತು ಬಿಟ್ಟು ಮುಖ್ಯ ಅಕ್ಷರದ ಎತ್ತರವನ್ನಷ್ಟೇ ಅಳೆಯಿರಿ. ಇಂಗ್ಲಿಷಿಗೆ ಇಟ್ಟದ್ದಕ್ಕಿಂತ ಕಾಲು ಭಾಗವಾದರೂ ದೊಡ್ಡದು ಮಾಡಿ. ಸಾಲಿನ ನಡುವೆ ಅಕ್ಷರದ ಅಳತೆಯ ಒಂದೂವರೆ ಪಟ್ಟು ಜಾಗ ಬಿಡಿ. ಇಂಗ್ಲಿಷಿನಂತೆ ಬಿಗಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ.

ದಪ್ಪಗಿದ್ದರೆ ದೂರಕ್ಕೆ ಕಾಣುತ್ತದೆ ಎಂದು ಬೋಲ್ಡ್ ಹಾಕುವ ಅಭ್ಯಾಸ ಇದೆ. ಬೋಲ್ಡ್ ಹಾಕಿದರೆ ಬ ಮತ್ತು ಭ, ಪ ಮತ್ತು ಷ ನಡುವಿನ ವ್ಯತ್ಯಾಸವೇ ಮುಚ್ಚಿಹೋಗುತ್ತದೆ. ಮೀಡಿಯಂ ಅಥವಾ ಸೆಮಿಬೋಲ್ಡ್ ಸಾಕು. ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ ಎರಡೂ ಉಚಿತ. ಅನೇಕ್‌ನಲ್ಲಿ ಅಗಲ ಕಡಿಮೆ ಇರುವ ರೂಪಗಳೂ ಇರುವುದರಿಂದ ಉದ್ದದ ಊರಿನ ಹೆಸರು ಕೂರಿಸಲು ಅನುಕೂಲ. ಮದುವೆ ಕಾರ್ಡಿನ ಬಳ್ಳಿ ಬಳ್ಳಿ ಅಕ್ಷರ ಇಲ್ಲಿ ಬೇಡ. ಕಾಡು ಅಂದ ಕೂಡಲೇ ಎಲೆ ಚಿಗುರಿದ ಅಕ್ಷರ, ಬಿದಿರಿನ ತುಂಡಿನ ಅಕ್ಷರ ಹಾಕುವ ಚಟವೂ ಬೇಡ.

ಇನ್ನೊಂದು ತಾಂತ್ರಿಕ ಮಾತು. ಪೂರ್ತಿ ಕೆಲಸ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ರೀತಿ ತೆರೆಯುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ ಮಾಡಿ. ಹಳೇ ನುಡಿ ಫಾಂಟಿನ ಎನ್‌ಕೋಡಿಂಗ್‌ನಲ್ಲಿ ಮಾಡಿಟ್ಟರೆ ಮುಂದೆ ತಿದ್ದುವವರಿಗೆ ಕಷ್ಟ. ಹಳೆಯ ಕೋರಲ್ ಡ್ರಾದಲ್ಲಿ ಯೂನಿಕೋಡ್ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತದೆ. ಇಂಕ್‌ಸ್ಕೇಪ್ ಉಚಿತ, ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ. ಪ್ರಿಂಟಿಗೆ ಕೊಡುವಾಗ ಮಾತ್ರ ಕರ್ವ್ ಮಾಡಿ, ಅಂದರೆ ಅಕ್ಷರವನ್ನು ಗೆರೆಗಳ ಚಿತ್ರವಾಗಿ ಬದಲಿಸಿ ಕೊಡಿ, ಮೂಲ ಫೈಲ್ ಹಾಗೇ ಉಳಿಸಿಕೊಳ್ಳಿ. ಫ್ಲೆಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಕೊನೇ ಗಳಿಗೆಗೆ ಅಕ್ಷರ ತಿದ್ದಿಸುವ ಕೆಲಸ ಯಾವತ್ತೂ ಬೇಡ.

ಹೆಸರುಗಳಿಗೂ ಒಂದು ಪಟ್ಟಿ ಮಾಡಿಕೊಳ್ಳಿ. ಹಳ್ಳ, ಗುಡ್ಡ, ಕಾನು (ದಟ್ಟ ಕಾಡು), ಜಡ್ಡಿಗಳಿಗೆ ಊರಿನವರು ಏನು ಅನ್ನುತ್ತಾರೋ ಅದೇ ಹೆಸರು. ಸಮಿತಿಯ ಹಿರಿಯರನ್ನು, ಕಾಡಿಗೆ ದಿನಾ ಹೋಗುವ ಹೆಂಗಸರನ್ನು, ಅಲ್ಲಿ ಕುಣಬಿ ಅಥವಾ ಸಿದ್ದಿ ಸಮುದಾಯದ ಮನೆಗಳಿದ್ದರೆ ಅವರನ್ನು ಕೇಳಿ. ಆಮೇಲೆ ಎಲ್ಲ ಬೋರ್ಡಿನಲ್ಲೂ ಒಂದೇ ಕಾಗುಣಿತ ಇರಲಿ. ಇಂಗ್ಲಿಷ್ ಬೇಕಾದರೆ ಕನ್ನಡದ ಕೆಳಗೆ, ಸ್ವಲ್ಪ ಚಿಕ್ಕದಾಗಿ, ಪ್ರತ್ಯೇಕ ಸಾಲಿನಲ್ಲಿ.

ನಕ್ಷೆಯ ವಿಷಯ. ಗೇಟಿನ ಬೋರ್ಡಿನಲ್ಲಿ ಉತ್ತರ ದಿಕ್ಕು ಮೇಲಿರಬೇಕು ಎಂಬ ಹಟ ಬಿಡಿ. ಬೋರ್ಡಿನ ಮುಂದೆ ನಿಂತವರ ಎದುರಿಗೆ ಏನಿದೆಯೋ ಅದು ನಕ್ಷೆಯಲ್ಲಿ ಮೇಲೆ ಬರಬೇಕು. ಬಲಗಡೆಯ ಗುಡ್ಡ ನಕ್ಷೆಯಲ್ಲೂ ಬಲಗಡೆ ಇರಬೇಕು. ಇಲ್ಲದಿದ್ದರೆ ಜನ ಕತ್ತು ತಿರುಗಿಸಿ ತಿರುಗಿಸಿ ಸಾಕಾಗಿ ಸುಮ್ನೆ ಮುಂದೆ ಹೋಗುತ್ತಾರೆ. ಎರಡು ಕಡೆ ಬೋರ್ಡು ಇದ್ದರೆ ಎರಡಕ್ಕೂ ಬೇರೆ ಬೇರೆ ನಕ್ಷೆ ಮಾಡಬೇಕಾಗುತ್ತದೆ. ಒಂದನ್ನೇ ಕಾಪಿ ಹೊಡೆಯಬೇಡಿ. ಮುದ್ರಿತ ಕೈಪಿಡಿಗೆ ಮಾತ್ರ ಉತ್ತರ ಮೇಲಿರಲಿ.

ಭೂಮಿಯ ಏರಿಳಿತ ತೋರಿಸಲು ಸಮೋನ್ನತ ರೇಖೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಹಾಕಿದರೆ ಟೊಪೊಶೀಟ್ ನಕ್ಷೆ ಓದಿ ಅಭ್ಯಾಸ ಇರುವವರಿಗೆ ಮಾತ್ರ ಅರ್ಥ. ಎಲ್ಲರಿಗೂ ತಿಳಿಯುವುದು ನೆರಳು ಬೆಳಕಿನ ಗುಡ್ಡ. ಆಸ್ಟ್ರಿಯಾದ ಚಿತ್ರಕಾರ ಹೈನ್‌ರಿಶ್ ಬೆರಾನ್ ಯೆಲ್ಲೋಸ್ಟೋನ್, ಯೊಸೆಮಿಟಿ ಪಾರ್ಕುಗಳಿಗೆ ಬರೆದ ದೊಡ್ಡ ದೃಶ್ಯನಕ್ಷೆಗಳನ್ನು ಒಮ್ಮೆ ನೋಡಿ. ಹಕ್ಕಿಯ ಕಣ್ಣಿಗೆ ಕಾಣುವಂತೆ ಬರೆದಿದ್ದಾರೆ. ಜನರಿಗೆ ಗುರುತು ಸಿಗಲಿ ಎಂದು ಬೆಟ್ಟವನ್ನು ಬೇಕೆಂದೇ ಸ್ವಲ್ಪ ಎತ್ತರಿಸಿದ್ದಾರೆ, ಕೆಲವನ್ನು ತಿರುಗಿಸಿಯೂ ಇದ್ದಾರೆ. ನಿಮಗೆ ಅಷ್ಟೆಲ್ಲ ಬೇಡ. ಕ್ಯೂಜಿಐಎಸ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ, ಉಚಿತವಾಗಿ ಸಿಗುವ ಎಸ್‌ಆರ್‌ಟಿಎಂ ಎತ್ತರದ ದತ್ತಾಂಶ ಹಾಕಿದರೆ ನೆರಳಿನ ಗುಡ್ಡ ಸಿಗುತ್ತದೆ. ಆ ದತ್ತಾಂಶ 2000ರ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯ ರೇಡಾರಿನಿಂದ ಅಳೆದದ್ದು. ದಟ್ಟ ಕಾಡಿನಲ್ಲಿ ಅದು ನೆಲಕ್ಕಿಂತ ಮರದ ನೆತ್ತಿಯ ಕಡೆಗೇ ವಾಲುತ್ತದೆ, ಹಾಗಾಗಿ ಹಿನ್ನೆಲೆ ಚಿತ್ರಕ್ಕೆ ಮಾತ್ರ ಬಳಸಿ. ದಾರಿಯ ಗೆರೆಯನ್ನು ನೀವೇ ನಡೆದು ಜಿಪಿಎಸ್‌ನಲ್ಲಿ ದಾಖಲಿಸಿ. ಮರದ ಕೆಳಗೆ ಜಿಪಿಎಸ್ ಅಲ್ಲಾಡುತ್ತದೆ, ಹೋಗುವ ಮತ್ತು ಬರುವ ಗೆರೆ ಎರಡನ್ನೂ ಹೋಲಿಸಿ ಸರಿಮಾಡಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ರಸ್ತೆ, ಹಳ್ಳ ತೆಗೆದುಕೊಂಡರೆ ಮೂಲೆಯಲ್ಲಿ ಅವರ ಹೆಸರು ಹಾಕುವುದು ಕಡ್ಡಾಯ.

ದೂರವನ್ನು ಕಿಲೋಮೀಟರಿನ ಜೊತೆಗೆ ಸಮಯದಲ್ಲೂ ಕೊಡಿ. ಏರು ಎಲ್ಲಿದೆ ಎಂದು ಕೆಳಗೆ ಒಂದು ಸಣ್ಣ ಅಡ್ಡನೋಟದ ಗೆರೆ ಹಾಕಿದರೆ ಮಂಡಿನೋವಿನವರು ಗೇಟಿನಲ್ಲೇ ತೀರ್ಮಾನ ಮಾಡುತ್ತಾರೆ.

ನಕ್ಷೆಗೆ ಬಣ್ಣ ತುಂಬುವಾಗ ಹುಷಾರು. ನಿಮ್ಮ ಜಿಲ್ಲೆಯಲ್ಲಿ ತೋಟದವರು ಸೊಪ್ಪು ತರುವ ಸೊಪ್ಪಿನಬೆಟ್ಟ ಇದೆ, ತೋಟ ಇದೆ, ಯಾರದ್ದೋ ಅಂಗಳದ ಪಕ್ಕದಲ್ಲೇ ಕಾಲುದಾರಿ ಹೋಗುತ್ತದೆ. ಎಲ್ಲವನ್ನೂ ಒಂದೇ ಹಸಿರಿನಲ್ಲಿ ಕಾಡು ಎಂದು ತೋರಿಸಿದರೆ ಪ್ರವಾಸಿಗರು ಅಡಿಕೆ ತೋಟಕ್ಕೆ ನುಗ್ಗುತ್ತಾರೆ. ಊರಿನವರಿಗೂ ನಿಮ್ಮ ನಕ್ಷೆಯ ಮೇಲೆ ಅನುಮಾನ ಬರುತ್ತದೆ. ಮುದ್ರಿಸುವ ಮುಂಚೆ ನಕ್ಷೆಯನ್ನು ಸಮಿತಿಯ ಸಭೆಯಲ್ಲಿ ನೆಲದ ಮೇಲೆ ಹಾಸಿ, ಪೆನ್ಸಿಲ್ ಕೊಟ್ಟು ತಿದ್ದಲು ಹೇಳಿ.

ಕಾಗದದ ಕೈಪಿಡಿ ನಿಜವಾಗಿ ಬೇಕೇ ಎಂದೂ ಯೋಚಿಸಿ. ಜಲಪಾತದ ಕೆಳಗೆ ಒದ್ದೆಯಾಗಿ ಬಿದ್ದಿರುವ ಕಸದಲ್ಲಿ ಅದೂ ಒಂದಾಗುತ್ತದೆ. ಈಗ ಎಲ್ಲರೂ ಗೇಟಿನ ಬೋರ್ಡಿನ ಫೋಟೋ ಹೊಡೆದುಕೊಂಡು ಹೋಗುತ್ತಾರೆ. ಹಾಗಾದರೆ ಆ ಬೋರ್ಡಿನ ನಕ್ಷೆಯ ಭಾಗವನ್ನೇ ಫೋನಿನ ಪರದೆಯ ಆಕಾರದಲ್ಲಿ, ಉದ್ದಕ್ಕೆ ಮಾಡಿ. ಫೋಟೋದಲ್ಲೂ ಓದಬಹುದೇ ಎಂದು ನಿಮ್ಮ ಫೋನಿನಲ್ಲೇ ನೋಡಿ. ಕ್ಯುಆರ್ ಕೋಡ್ ಹಾಕುವುದಿದ್ದರೆ ನೆಟ್‌ವರ್ಕ್ ಇರುವ ಗೇಟಿನಲ್ಲಿ ಮಾತ್ರ.

ಈಗ ಹುಲಿ. ಹುಲಿ ಲೋಗೋ ಹಾಕಿದರೆ ಹುಲಿ ಕಾಣಿಸುತ್ತೇವೆ ಎಂದು ಮಾತು ಕೊಟ್ಟ ಹಾಗೆ. ನಾಲ್ಕು ಕಿಲೋಮೀಟರ್ ನಡೆದವರು ಹುಲಿ ಕಾಣದೆ ಬೇಜಾರಿನಲ್ಲಿ ವಾಪಸ್ ಬರುತ್ತಾರೆ, ರಾಮಪತ್ರೆ ಬೇರನ್ನು ನೋಡಿದ್ದೇ ಮರೆತುಹೋಗುತ್ತದೆ. ದೇಶದ ಅರ್ಧ ರೆಸಾರ್ಟುಗಳ ಲೋಗೋ ಹುಲಿಯೇ. ನಿಮ್ಮ ಕಡೆಯದೇ ಪ್ರಾಣಿ ಬೇಕು ಅಂದರೆ ಸಿಂಗಳೀಕ ಇದೆ. ಅದಕ್ಕೆಂದೇ 2011ರಲ್ಲಿ ಅಘನಾಶಿನಿ ಸಂರಕ್ಷಣಾ ಮೀಸಲು ಘೋಷಣೆಯಾಗಿತ್ತು. ಕಪ್ಪು ಮೈ, ಮುಖದ ಸುತ್ತ ಬೂದು ಬಿಳಿ ಕೇಸರ, ತುದಿಯಲ್ಲಿ ಕುಚ್ಚಿರುವ ಬಾಲ. ಒಂದೇ ಬಣ್ಣದಲ್ಲಿ ಬರೆದರೂ ಗುರುತು ಸಿಗುತ್ತದೆ. ಮಡಚಿದ ಬೇರಿನ ಆಕಾರವೇ ಇನ್ನೂ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಬೇರೆ ಯಾರ ಹತ್ತಿರವೂ ಅದಿಲ್ಲ, ಬರೆಯುವುದೂ ಸುಲಭ.

ಸಮಿತಿಯವರು ಒಪ್ಪದಿದ್ದರೆ ವನ್ಯಜೀವಿ ಸಂರಕ್ಷಣಾ ಸಂಸ್ಥೆಯಾದ ಡಬ್ಲ್ಯುಡಬ್ಲ್ಯುಎಫ್‌ನ ಪಾಂಡಾ ಕಥೆ ಹೇಳಿ. 1961ರಲ್ಲಿ ಆ ಸಂಸ್ಥೆ ಶುರುವಾದಾಗ ಲಂಡನ್ ಮೃಗಾಲಯದಲ್ಲಿ ಚಿ-ಚಿ ಎಂಬ ಪಾಂಡಾ ಇತ್ತು. ಜೆರಾಲ್ಡ್ ವಾಟರ್ಸನ್ ಅದರ ಸ್ಕೆಚ್ ಮಾಡಿದರು, ಪೀಟರ್ ಸ್ಕಾಟ್ ಅದನ್ನು ಲೋಗೋ ಮಾಡಿದರು. ಕಪ್ಪು ಬಿಳುಪಿನ ಪ್ರಾಣಿ ಆರಿಸಿದ್ದಕ್ಕೆ ಒಂದು ಕಾರಣ ಮುದ್ರಣದ ಖರ್ಚು ಉಳಿಸುವುದು. ನಿಮ್ಮ ಲೋಗೋವನ್ನೂ ಹಾಗೇ ಪರೀಕ್ಷೆ ಮಾಡಿ: ರಬ್ಬರ್ ಸ್ಟ್ಯಾಂಪ್ ಆಗುತ್ತದೆಯೇ, ಕಾವಲುಗಾರರ ಟೋಪಿಗೆ ದಾರದಲ್ಲಿ ಹೊಲಿಯಬಹುದೇ, ಜೀಪಿನ ಬಾಗಿಲಿಗೆ ಕೊರೆಯಚ್ಚಿನಲ್ಲಿ ಪೇಂಟ್ ಹೊಡೆಯಬಹುದೇ? ಮೂರಕ್ಕೂ ಹೌದು ಅಂದರೆ ಲೋಗೋ ಪಾಸ್.

ಚಿತ್ರಗಳನ್ನು ಇಂಟರ್ನೆಟ್ಟಿನಿಂದ ಎತ್ತಬೇಡಿ. ಹಕ್ಕುಸ್ವಾಮ್ಯದ ಮಾತು ಒಂದು ಕಡೆ, ತಪ್ಪು ಪ್ರಾಣಿ ಬರುವುದು ಇನ್ನೊಂದು ಕಡೆ. ದೊಡ್ಡ ಕಿವಿಯ ಆಫ್ರಿಕಾದ ಆನೆ ನಮ್ಮ ಎಷ್ಟೋ ಬೋರ್ಡುಗಳಲ್ಲಿ ನಿಂತಿದೆ. ದೊಡ್ಡ ಮಂಗಟ್ಟೆ ಗಂಡಾದರೆ ಕಣ್ಣು ಕೆಂಪು, ಹೆಣ್ಣಾದರೆ ಬಿಳಿ. ಇಂಥದ್ದನ್ನು ಊರಿನ ಹಕ್ಕಿ ವೀಕ್ಷಕರಿಗೆ ತೋರಿಸಿ ಸಹಿ ಹಾಕಿಸಿಕೊಳ್ಳಿ. ಮಂಗಟ್ಟೆಯ ಗೂಡು, ನೀರುನಾಯಿಯ ಬಿಲ, ಅಪರೂಪದ ಸೀತಾಳೆ ದಂಡೆ ಇರುವ ಜಾಗವನ್ನು ನಕ್ಷೆಯಲ್ಲಿ ತೋರಿಸಲೇಬೇಡಿ. ಜಾಲತಾಣಕ್ಕೆ ಹಾಕುವ ಫೋಟೋಗಳಿಂದ ಜಿಪಿಎಸ್ ಮಾಹಿತಿ ಅಳಿಸಿ. ಜಲಪಾತದ ನೆತ್ತಿಯಲ್ಲಿ ಕೈ ಚಾಚಿ ನಿಂತವರ ಫೋಟೋ ಪೋಸ್ಟರಿಗೆ ಬೇಡ. ಕೆಳಗೆ ಎಚ್ಚರಿಕೆ ಬರೆದರೂ ಜನ ಅನುಸರಿಸುವುದು ಫೋಟೋವನ್ನೇ.

ಸಾಮಾನಿನ ವಿಷಯ ನೇರವಾಗಿ ಹೇಳುತ್ತೇನೆ. ಫ್ಲೆಕ್ಸ್ ಬೇಡ. ರಾಜ್ಯದಲ್ಲಿ 2016ರಿಂದಲೇ ಅದರ ಮೇಲೆ ನಿಷೇಧ ಇದೆ, ಪ್ಲಾಸ್ಟಿಕ್ ತರಬೇಡಿ ಎಂದು ಪ್ಲಾಸ್ಟಿಕ್ ಮೇಲೆ ಬರೆಯುವುದು ನಗೆಪಾಟಲು ಬೇರೆ. ಸನ್‌ಬೋರ್ಡ್ ಒಳಾಂಗಣಕ್ಕೆ. ಎಸಿಪಿ (ನಡುವೆ ಪ್ಲಾಸ್ಟಿಕ್ ಇರುವ ಅಲ್ಯೂಮಿನಿಯಂ) ಶೀಟಿಗೆ ವಿನೈಲ್ ಅಂಟಿಸುವುದು ಅಗ್ಗ, ಆದರೆ ಮಲೆನಾಡಿನ ಮಳೆಗೆ ಅಂಚು ಬಿಟ್ಟುಕೊಂಡು ಒಳಗೆ ಪಾಚಿ ಕಟ್ಟುತ್ತದೆ. ಬಿಸಿಲು ಬೀಳುವ ಕಡೆ ಪ್ರಿಂಟಿನ ಹಳದಿ ಮತ್ತು ಮಜೆಂತಾ ಮೊದಲು ಮಾಸುತ್ತವೆ, ನೀಲಿ ಉಳಿಯುತ್ತದೆ. ಹಳೆಯ ಬೋರ್ಡಿನ ಹುಲಿ ನೀಲಿಯಾಗಿರುವುದು ಅದಕ್ಕೇ. ಕೆಂಪು ಬರುವುದೂ ಆ ಎರಡು ಬಣ್ಣ ಸೇರಿಯೇ. ಅಂದರೆ ಎಲ್ಲಕ್ಕಿಂತ ಮೊದಲು ಅಳಿಸಿಹೋಗುವುದು ನಿಮ್ಮ ಎಚ್ಚರಿಕೆ! ಕೆಂಪನ್ನು ಪ್ರಿಂಟ್ ಮಾಡಿಸಬೇಡಿ, ರಸ್ತೆ ಫಲಕಕ್ಕೆ ಬಳಸುವ ಪ್ರತಿಫಲನ ಶೀಟ್ ಕತ್ತರಿಸಿ ಅಂಟಿಸಿ ಅಥವಾ ಪೇಂಟ್ ಹೊಡೆಸಿ.

ದುಡ್ಡು ಇದ್ದರೆ ಒರಗು ಫಲಕಕ್ಕೆ ರಾಳದಲ್ಲಿ ಅದ್ದಿದ ಕಾಗದದ ಹಾಳೆಗಳನ್ನು ಒತ್ತಿ ಮಾಡಿದ ಗಟ್ಟಿ ಶೀಟ್, ಅಂದರೆ ಎಚ್‌ಪಿಎಲ್ ಹಾಕಿ. ಚಿತ್ರ ಹಾಳೆಗಳ ಒಳಗೇ ಸೇರಿಕೊಂಡಿರುವುದರಿಂದ ಕೆರೆದರೂ ಒರೆಸಿದರೂ ಬೇಗ ಹೋಗುವುದಿಲ್ಲ. ಎನಾಮೆಲ್ ತಗಡು ಇನ್ನೂ ಗಟ್ಟಿ. ಹಳೇ ಕಾಲದ ಚಹಾ, ಸೋಪಿನ ಜಾಹೀರಾತು ತಗಡುಗಳು ಇವತ್ತಿಗೂ ಹೊಳೆಯುತ್ತವಲ್ಲ, ಅದೇ ಕೆಲಸ. ಆದರೆ ಮಾಡಿಕೊಡುವವರನ್ನು ಹುಡುಕಬೇಕು. ದಾರಿ ಕಂಬಕ್ಕೆ ನನ್ನ ಆಯ್ಕೆ ಕಲ್ಲು. ಕರಿಕಲ್ಲಿನಲ್ಲಿ ನಂಬರು, ಬಾಣ ಕೆತ್ತಿಸಿ ಬಿಳಿ ತುಂಬಿಸಿ. ಮೈಲಿಗಲ್ಲಿನ ಹಾಗೆ ನಿಂತಿರುತ್ತದೆ. ಮರದ ಕಂಬ ನೋಡಲು ಚಂದ, ಗೆದ್ದಲಿಗೂ ರುಚಿ. ಕಬ್ಬಿಣವಾದರೆ ಸತು ಲೇಪಿಸಿದ ಜಿ.ಐ. ಪೈಪು, ಮೇಲೆ ಮುಚ್ಚಳ ಬೆಸೆದಿರಬೇಕು, ಇಲ್ಲದಿದ್ದರೆ ನೀರು ಒಳಗೆ ನಿಂತು ಬುಡಕ್ಕೆ ತುಕ್ಕು ಹಿಡಿಯುತ್ತದೆ. ಯಾವ ಕಾರಣಕ್ಕೂ ಮರಕ್ಕೆ ಮೊಳೆ ಹೊಡೆಯಬೇಡಿ, ತಂತಿ ಸುತ್ತಬೇಡಿ.

ಬಣ್ಣದಲ್ಲಿ ಹಸಿರು ಹಿನ್ನೆಲೆ ಬಿಡಿ. ಹಸಿರಿನೊಳಗೆ ಹಸಿರು ಬೋರ್ಡು ಕಾಣುವುದಿಲ್ಲ. ಹಸಿರಿನ ಮೇಲೆ ಕೆಂಪು ಬರೆದರೆ ಕೆಂಪು-ಹಸಿರು ಬಣ್ಣಗುರುಡು ಇರುವವರಿಗೆ ಸರಿಯಾಗಿ ಕಾಣುವುದಿಲ್ಲ. ಗಾಢ ಕಂದು ಬಣ್ಣದ ಮೇಲೆ ಬಿಳಿ ಅಕ್ಷರ ದಾರಿ ತೋರಿಸಲು, ಕೆನೆ ಬಣ್ಣದ ಮೇಲೆ ಕಡು ಅಕ್ಷರ ನಿಂತು ಓದಲು. ಕಾನಿನೊಳಗಿನ ಕತ್ತಲೆಯಲ್ಲಿ ಮಧ್ಯಾಹ್ನ ನಾಲ್ಕು ಗಂಟೆಗೆ ನಿಂತು ಓದಿ ನೋಡಿ, ಅಂಗಡಿಯ ಟ್ಯೂಬ್‌ಲೈಟ್ ಕೆಳಗಲ್ಲ.

ಗಣ್ಯರ ಫೋಟೋ ವಿಷಯಕ್ಕೆ ತತ್ವದ ವಾದ ಮಾಡಿ ಪ್ರಯೋಜನವಿಲ್ಲ, ವ್ಯವಹಾರದ ವಾದ ಮಾಡಿ. ಚುನಾವಣೆ ನೀತಿಸಂಹಿತೆ ಬಂದ ಕೂಡಲೇ ಅಂಥ ಬೋರ್ಡುಗಳಿಗೆಲ್ಲ ಪೇಪರ್ ಅಂಟಿಸಿ ಮುಚ್ಚಬೇಕು. ಗ್ರಾಮ ಪಂಚಾಯ್ತಿ, ವಿಧಾನಸಭೆ, ಲೋಕಸಭೆ ಎಂದು ಒಂದಲ್ಲ ಒಂದು ಬರುತ್ತಲೇ ಇರುತ್ತದೆ. ಗೋಂದು ಹಚ್ಚಿ ಕಿತ್ತ ಮೇಲೆ ಫಲಕದ ಗತಿ ಏನಾಗುತ್ತದೆ ಎಂದು ಕೇಳಿ. ಗೇಟಿನ ಪಕ್ಕ ಉದ್ಘಾಟನೆಯ ಕಲ್ಲೊಂದು ಪ್ರತ್ಯೇಕ ಇರಲಿ, ಹೆಸರೆಲ್ಲ ಅಲ್ಲಿ ಬರಲಿ. ಪ್ರಾಯೋಜಕರ ಲೋಗೋಗಳಿಗೆ ಗೇಟಿನ ಬೋರ್ಡಿನ ಕೆಳಗೆ ಒಂದು ಪಟ್ಟಿ ಕೊಡಿ, ಅದರ ಎತ್ತರ ಮೊದಲೇ ಬರೆದು ಒಪ್ಪಿಸಿಕೊಳ್ಳಿ.

ಮಾಡಿಸುವ ಮುಂಚೆ ಪ್ರತಿ ಬೋರ್ಡನ್ನೂ ಕಪ್ಪು ಬಿಳುಪಿನಲ್ಲಿ ಎ3 ಹಾಳೆಗಳಿಗೆ ಪ್ರಿಂಟ್ ತೆಗೆದು, ರಟ್ಟಿಗೆ ಅಂಟಿಸಿ, ಜಾಗದಲ್ಲೇ ಕೋಲು ನೆಟ್ಟು ಕಟ್ಟಿ. ಒಂದು ಭಾನುವಾರ ಸ್ವಲ್ಪ ದೂರ ಕೂತು ಜನ ಏನು ಮಾಡುತ್ತಾರೆ ನೋಡಿ. ಓದದೆ ಹೋದರೆ ಜಾಗ ತಪ್ಪು, ಓದಿಯೂ ತಪ್ಪು ದಾರಿ ಹಿಡಿದರೆ ಬೋರ್ಡು ತಪ್ಪು. ಈ ಹಂತದಲ್ಲಿ ತಿದ್ದಲು ಖರ್ಚೇ ಇಲ್ಲ.

ಕೊನೆಗೆ ದರ. ಚದರ ಅಡಿ ಲೆಕ್ಕದಲ್ಲಿ ಒಪ್ಪಿಕೊಳ್ಳಬೇಡಿ. ಆ ಲೆಕ್ಕದಲ್ಲಿ ಬೋರ್ಡು ಕಡಿಮೆ ಮಾಡಿದಷ್ಟೂ ನಿಮಗೆ ನಷ್ಟ, ಅಂದರೆ ಒಳ್ಳೆಯ ಸಲಹೆ ಕೊಟ್ಟರೆ ನಿಮ್ಮ ಜೇಬಿಗೇ ಕತ್ತರಿ. ಸ್ಥಳದ ಓಡಾಟ, ವಿನ್ಯಾಸ, ಬರಹ ಮತ್ತು ಚಿತ್ರ, ತಯಾರಿಕೆ ಮೇಲ್ವಿಚಾರಣೆ ಎಂದು ಬೇರೆ ಬೇರೆ ಬರೆದು ಕೊಟೇಶನ್ ಕೊಡಿ. ತಯಾರಿಕೆ ಟೆಂಡರಿಗೆ ಹೋಗುವುದಾದರೆ ಕಡಿಮೆ ದರದವರಿಗೆ ಕೆಲಸ ಸಿಗುತ್ತದೆ. ಹಾಗಾಗಿ ಶೀಟಿನ ದಪ್ಪ, ಪೈಪಿನ ಗೇಜು, ಬೋಲ್ಟಿನ ಬಗೆ, ಅಡಿಪಾಯದ ಆಳ ಎಲ್ಲವನ್ನೂ ಸ್ಪೆಸಿಫಿಕೇಶನ್‌ನಲ್ಲಿ ಬರೆದುಕೊಡಿ. ಬರೆಯದೆ ಬಿಟ್ಟದ್ದು ತೆಳ್ಳಗೆ ಬರುತ್ತದೆ. ಸರ್ಕಾರಿ ಹಣವಾದರೆ ಬಿಲ್ ತಡ ಆಗುವುದು ಮಾಮೂಲು, ಅರ್ಧದಷ್ಟು ಮುಂಗಡ ಕೇಳಿ. ಕೆಲಸ ಮುಗಿದ ಮೇಲೆ ತಿದ್ದಬಹುದಾದ ಓಪನ್ ಫೈಲ್, ಫಾಂಟ್, ಅಳತೆಯ ಚಿತ್ರಗಳನ್ನು ಪೆನ್‌ಡ್ರೈವ್‌ನಲ್ಲಿ ಸಮಿತಿಗೆ ಕೊಟ್ಟು ಸಹಿ ತೆಗೆದುಕೊಳ್ಳಿ.

ಮಾರ್ಚ್ ಒಳಗೆ ಅಡಿಪಾಯ ಮುಗಿದರೆ ಮಳೆಗೆ ಮುಂಚೆ ಕಾಂಕ್ರೀಟ್ ಗಟ್ಟಿಯಾಗುತ್ತದೆ. ಅಕ್ಟೋಬರಿನಲ್ಲಿ, ಮೊದಲ ಮಳೆಗಾಲ ಕಳೆದ ಮೇಲೆ, ಬೋಲ್ಟು, ಪಾಚಿ, ಮಾಸಿದ ಬಣ್ಣ ನೋಡಲು ಇನ್ನೊಮ್ಮೆ ಹೋಗಬೇಕಾಗುತ್ತದೆ. ಆ ಭೇಟಿಯ ಖರ್ಚನ್ನೂ ಈಗಲೇ ಕೊಟೇಶನ್‌ಗೆ ಸೇರಿಸಿ. ಆಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.